ವ್ರತ ಯಾರದ್ದು, ಬೆವರು ಯಾರದ್ದು

ಮಂಗಳೂರು, 2025ರ ಎಪ್ರಿಲ್ ಕೊನೆಯ ವಾರ. ಕಂಕನಾಡಿ ಕಡೆಯ ಒಂದು ಅಪಾರ್ಟ್‌ಮೆಂಟಿನ ಟೆರೇಸು. ನಿವೃತ್ತ ವಿಜ್ಞಾನ ಮಾಷ್ಟ್ರೊಬ್ಬರು ಹಳೆ ಸೀರೆಯ ಮೇಲೆ ಒಣಹಾಕಿದ ಹಲಸಿನ ಹಪ್ಪಳಕ್ಕೆ ಕಾಗೆ ಕಾಯುತ್ತಿದ್ದಾರೆ. ಪಕ್ಕದ ಫ್ಲ್ಯಾಟಿನ ಕ್ರೈಸ್ತ ಮನೆಯಾಕೆ, ಸೊಸೈಟಿ ಬ್ಯಾಂಕಿನ ಉದ್ಯೋಗಿ, ಬಟ್ಟೆ ಹರವಲು ಬಂದಿದ್ದಾರೆ.

— ಬಾಯಮ್ಮ, ಒಂದು ವಿಷಯ ಕೇಳ್ಬೇಕಂತ ಇದ್ದೆ. ನಿಮ್ಮ ಎ.ಸಿ. ಹಾಳಾಗಿತ್ತಾ? ಒಂದು ತಿಂಗಳ ಮೇಲಾಯ್ತು, ಸದ್ದೇ ಇರ್ಲಿಲ್ಲ. ಭಾನುವಾರ ರಾತ್ರಿ ಮಾತ್ರ ಒಂದು ಮಷೀನು ಗುಂಯ್ ಅಂತಿತ್ತು. ವಾರಕ್ಕೊಮ್ಮೆ ರಿಪೇರಿಯಾಗಿ ಸೋಮವಾರ ಪುನಃ ಹಾಳಾಗುವ ಮಷೀನು ಎಂತದಪ್ಪ ಅಂತ ನಾನು, ನಮ್ಮ ಮನೆಯವಳು ಮಾತಾಡಿಕೊಂಡದ್ದುಂಟು.

— ಹಾಳಾದದ್ದಲ್ಲ ಮಾಷ್ಟ್ರೇ, ನಾವೇ ಬಂದ್ ಮಾಡಿದ್ದು. ತಪಸ್ಸು ಕಾಲ ಅಲ್ವಾ. ಮಾರ್ಚ್ 5ಕ್ಕೆ ಬೂದಿ ಬುಧವಾರ ಬಂತು, ಆ ದಿನದಿಂದ ಈಸ್ಟರ್ ತನಕ ಮನೆಯಲ್ಲಿ ಎ.ಸಿ. ಇಲ್ಲ ಅಂತ ತೀರ್ಮಾನ.

— ಎ.ಸಿ.ಯನ್ನಾ? ನೀವು ಮಾಂಸ ಬಿಡ್ತೀರಿ ಅಂತ ಗೊತ್ತು. ನಲವತ್ತು ದಿನ ಉಪವಾಸ ಅಂತಲೂ ಕೇಳಿದ್ದೆ. ಎ.ಸಿ. ಬಿಡುವ ಶಾಸ್ತ್ರ ಯಾವ ಪುಸ್ತಕದಲ್ಲುಂಟು?

— ಪುಸ್ತಕದಲ್ಲಿ ಇರೋದು ಬಹಳ ಕಮ್ಮಿ. ಕಡ್ಡಾಯ ಉಪವಾಸ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಆ ದಿನವೂ ಪೂರ್ತಿ ಉಪವಾಸ ಅಲ್ಲ, ಒಂದು ಹೊಟ್ಟೆ ತುಂಬ ಊಟ, ಉಳಿದ ಎರಡು ಹೊತ್ತು ಏನಾದ್ರೂ ಸ್ವಲ್ಪ. ಅದೂ ಹದಿನೆಂಟು ತುಂಬಿದವರಿಗೆ. ಐವತ್ತೊಂಬತ್ತು ದಾಟಿದವರಿಗೆ ಅದೂ ಇಲ್ಲ. ಆ ಎರಡು ದಿನ ಮತ್ತೆ ಶುಕ್ರವಾರಗಳಲ್ಲಿ ಮಾಂಸ ಇಲ್ಲ, ಅದು ಹದಿನಾಲ್ಕರಿಂದ ಮೇಲೆ. ಅಷ್ಟೇ.

— ಅಷ್ಟೇನಾ! ಹಾಗಾದ್ರೆ ನಾನು ಇಷ್ಟು ವರ್ಷ ನಿಮ್ಮವರ ಬಗ್ಗೆ ಸುಮ್ಮನೆ ಮರುಗಿದ್ದಾ?

— ನಮ್ಮ ಅತ್ತೆಯ ಕಾಲಕ್ಕೆ ಮರುಗಿದ್ದರೆ ಸರಿ ಇರ್ತಿತ್ತು. ಅವರ ಮದುವೆಗೆ ಮೊದಲೆಲ್ಲ ಕಟ್ಟುನಿಟ್ಟು. ದೊಡ್ಡವರಿಗೆ ದಿನಾ ಒಂದೇ ಹೊತ್ತಿನ ಊಟ. 1966ರಲ್ಲಿ ಆರನೇ ಪೌಲ್ ಪೋಪರು ನಿಯಮ ಸಡಿಲ ಮಾಡಿದ್ರು. ಅದು ಆರಾಮ ಮಾಡಿ ಅಂತ ಹೇಳಿದ್ದಲ್ಲ. ಪ್ರಾರ್ಥನೆ, ಉಪವಾಸ, ದಾನ ಮೂರೂ ಇರ್ಲಿ, ಆದ್ರೆ ನಿಮ್ಮ ಬದುಕಿಗೆ ತಕ್ಕ ಹಾಗೆ ಯೋಚಿಸಿ ಮಾಡಿ ಅಂತ. ಯೋಚಿಸಿ ಅಂತ ಬಿಟ್ಟರೆ ಜನ ಎಂತ ಮಾಡ್ತಾರೆ? ಸುಲಭದ್ದನ್ನು ಹುಡುಕ್ತಾರೆ. ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಅದೇ ಆದದ್ದು. ಮಾಂಸ ಬಿಡೋದು, ಮೀನು ತಿನ್ನೋದು.

— ಮೀನು ಮಾಂಸ ಅಲ್ವಾ?

— ನಿಯಮದಲ್ಲಿ ಅಲ್ಲ. ಮೀನು ಸಿಗದ ಊರಲ್ಲಿ ಅದೊಂದು ಕಷ್ಟವೇ ಇರಬಹುದು. ಮಂಗಳೂರಿನವರಿಗೆ ಶುಕ್ರವಾರ ಅಂಜಲ್ ಫ್ರೈ ತಿನ್ನಿ ಅಂತ ಹೇಳಿದ್ರೆ ಅದು ಶಿಕ್ಷೆಯಾ, ಸನ್ಮಾನವಾ? ಹಂದಿ ಬಿಟ್ಟೆ ಅಂತ ಹೇಳೋದು, ಕಾಣೆ ಮೀನಿಗೆ ರವೆ ಹಚ್ಚೋದು. ನಮ್ಮ ಇವರು ತಪಸ್ಸು ಕಾಲದಲ್ಲೇ ದಪ್ಪ ಆಗೋದು.

— ನಗಾಡ್ಬೇಡಿ, ನಮ್ಮದೂ ಅದೇ ಕಥೆ. ಏಕಾದಶಿಗೆ ನಮ್ಮ ಅಜ್ಜಿ ನೀರೂ ಮುಟ್ತಿರ್ಲಿಲ್ಲ. ನಮ್ಮ ಕಾಲಕ್ಕೆ ಅದು ಅವಲಕ್ಕಿಗೆ ಬಂತು, ಮತ್ತೆ ಸಜ್ಜಿಗೆಗೆ ಬಂತು, ಈಗ ಹೋಟೆಲಿನವರು ‘ಏಕಾದಶಿ ಸ್ಪೆಷಲ್’ ಅಂತ ಬೋರ್ಡ್ ಹಾಕಿದ್ರೂ ಆಶ್ಚರ್ಯ ಇಲ್ಲ. ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ, ಹಸಿಮೆಣಸು ಇಲ್ಲ, ಹುಣಸೆಹುಳಿ ಇಲ್ಲ. ಎರಡನೇದು ದಧಿವ್ರತ, ಮೊಸರಿಲ್ಲ. ಆಮೇಲೆ ಕ್ಷೀರವ್ರತ, ಹಾಲಿಲ್ಲ. ಕಡೆಯದು ದ್ವಿದಳ, ಬೇಳೆ ಕಾಳು ಇಲ್ಲ. ಕೇಳ್ಲಿಕ್ಕೆ ಭಯ ಆಗ್ತದೆ. ಆದ್ರೆ ಶಾಕವ್ರತದ ಹೆಸರುಬೇಳೆ ತೊವ್ವೆಗೆ ಜೀರಿಗೆ ತುಪ್ಪದ ಒಗ್ಗರಣೆ ಬಿದ್ದ ಪರಿಮಳಕ್ಕೆ ಅರ್ಧ ಬೀದಿ ತಿರುಗಿ ನೋಡ್ತಿತ್ತು. ನಮ್ಮ ತಂದೆಯವರು ಆ ತಿಂಗಳಿಗೇ ಕಾಯ್ತಿದ್ರು. ‘ವ್ರತದ ಅಡುಗೆಯ ರುಚಿಯೇ ಬೇರೆ’ ಅಂತ ಊಟದ ಮೇಲೆ ಹೊಟ್ಟೆ ನೇವರಿಸಿಕೊಂಡು ಹೇಳ್ತಿದ್ರು.

— ಅಡುಗೆ ಮಾಡ್ತಾ ಇದ್ದದ್ದು ಯಾರು ಮಾಷ್ಟ್ರೇ?

— ಅಮ್ಮ. ಮತ್ತೆ ಯಾರು?

— ವ್ರತ ತಂದೆಯವರದ್ದು.

— ಅಮ್ಮನದ್ದೂ ಹೌದು.

— ಅಮ್ಮನದ್ದೂ ಹೌದು, ಅದಕ್ಕೆ ಮೇಲೆ ಕೆಲಸವೂ ಅಮ್ಮನದ್ದು. ಮಕ್ಕಳಿಗೆ ಬೇರೆ ಅಡುಗೆ, ವ್ರತದವರಿಗೆ ಬೇರೆ ಪಾತ್ರೆ, ಯಾವುದರಲ್ಲಿ ಹುಳಿ ಬಿತ್ತು, ಯಾವುದರಲ್ಲಿ ಬೀಳಬಾರದು ಅಂತ ನಾಲ್ಕು ತಿಂಗಳು ನೆನಪಿಟ್ಟುಕೊಳ್ಳೋದು. ನಾನು ಟೀಕೆ ಮಾಡೋದಲ್ಲ, ನಮ್ಮ ಮನೆಯದ್ದೂ ಇದೇ. ಅದಕ್ಕೇ ಈ ವರ್ಷ ನಾನು ಸ್ವಲ್ಪ ಜೋರು ಮಾಡಿದ್ದು.

— ಹೇಳಿ, ಹೇಳಿ. ಈ ಕಾಗೆಯನ್ನು ಒಮ್ಮೆ ಅಟ್ಟಿ ಬರ್ತೇನೆ... ಹಾಂ, ಈಗ ಹೇಳಿ.

— ಬೂದಿ ಬುಧವಾರದ ಹಿಂದಿನ ಭಾನುವಾರ, ತೇರ್ಸ್ ಮುಗಿಸಿ ಎಲ್ಲರೂ ಕೂತಿದ್ವಿ. ತೇರ್ಸ್ ಅಂದ್ರೆ ನಮ್ಮ ಜಪಮಾಲೆ, ಗೊತ್ತುಂಟಲ್ವಾ ನಿಮಗೆ, ಗೋಡೆಯಾಚೆ ಕೇಳ್ತದೆ. ಈ ಸಲ ಎಂತ ಬಿಡುವ ಅಂತ ವಿಷಯ ಬಂತು. ಇವರು ಹಳೇ ರಾಗ, ಮಾಂಸ. ನಾನು ಹೇಳಿದೆ, ಮೀನು ಸೇರಿಸಿ ಬಿಡೋದಾದ್ರೆ ಮಾತಾಡಿ. ಮಾತು ಅಲ್ಲಿಗೇ ನಿಂತಿತು. ಮಗಳು ಹೇಳಿದ್ಳು, ಫೋನಲ್ಲಿ ಊಟ ತರಿಸೋದು ಬಿಡುವ ಅಂತ. ವಾರಕ್ಕೆ ಮೂರು ದಿನ ರಾತ್ರಿ ಊಟ ಹೊರಗಿಂದ ಬರೋದು ನಮ್ಮಲ್ಲಿ. ಒಳ್ಳೇದು, ಖರ್ಚೂ ಉಳಿತದೆ. ಆದ್ರೆ ಆ ಮೂರು ದಿನ ಅಡುಗೆ ಮಾಡೋದು ಯಾರು ಅಂತ ಕೇಳಿದೆ. ಯಾರೂ ಮಾತಾಡ್ಲಿಲ್ಲ. ಆರು ಗಂಟೆಗೆ ಬ್ಯಾಂಕಿಂದ ಬಂದು ನಾನು ಒಲೆ ಮುಂದೆ ನಿಲ್ಲೋದು, ನಾಲ್ಕು ಜನ ತ್ಯಾಗ ಮಾಡಿದ್ದೇವೆ ಅಂತ ಇಗರ್ಜಿಗೆ ಹೋಗೋದು. ಅದು ನಡೆಯೋದಿಲ್ಲ ಅಂತ ಹೇಳಿದೆ.

— ಮಗ?

— ಅವನು ಇನ್‌ಸ್ಟಾಗ್ರಾಮ್ ಬಿಡ್ತೇನೆ ಅಂದ. ಅವನು ಬಿಟ್ಟರೆ ಅವನೊಬ್ಬನದ್ದು ಆಯ್ತು. ಅತ್ತೆಗೆ ಇನ್‌ಸ್ಟಾಗ್ರಾಮ್ ಎಲ್ಲುಂಟು? ಫಾದರ್ ಒಮ್ಮೆ ಪ್ರಸಂಗದಲ್ಲಿ ಹೇಳಿದ್ರು, ಪೋಪ್ ಫ್ರಾನ್ಸಿಸರು 2020ರ ಬೂದಿ ಬುಧವಾರ ಟಿ.ವಿ. ಬಂದ್ ಮಾಡಿ ಬೈಬಲ್ ತೆರೀರಿ, ಮೊಬೈಲ್ ಬಿಡಿ ಅಂತ ಹೇಳಿದ್ರಂತೆ. ಅದೂ ಬಂತು ಮಾತಿಗೆ. ಮಗಳು, ನನ್ನ ಆಫೀಸೇ ಮೊಬೈಲಲ್ಲಿ ಇರೋದು ಅಂದ್ಳು. ಹೀಗೆ ಒಬ್ಬೊಬ್ಬರೂ ತಮಗೆ ನೋವಾಗದ್ದನ್ನು ಬಿಡ್ಲಿಕ್ಕೆ ರೆಡಿ. ಆಗ ಮೂಲೆಯಲ್ಲಿ ಕೂತ ಅತ್ತೆ ಹೇಳಿದ್ರು, ‘ಅಷ್ಟು ಧೈರ್ಯ ಇದ್ರೆ ಎ.ಸಿ. ಬಿಡಿ ನೋಡುವ.’

— ಭಲೇ ಅಜ್ಜಿ!

— ಎಲ್ಲರೂ ಒಮ್ಮೆಗೇ ತಣ್ಣಗಾದ್ರು. ಯಾರಿಗೂ ಕೂಡಲೇ ಒಂದು ನೆಪ ಸಿಗ್ಲಿಲ್ಲ ಮಾಷ್ಟ್ರೇ, ಅದೇ ಗುರುತು. ಫೆಬ್ರವರಿ ಕೊನೆಗೇ ಹವಾಮಾನ ಇಲಾಖೆಯವರು ಕರಾವಳಿಗೆ ಬಿಸಿಗಾಳಿ ಎಚ್ಚರಿಕೆ ಕೊಟ್ಟು ಆಗಿತ್ತು. ಎ.ಸಿ. ಬಂದ್ ಆದ್ರೆ ನನ್ನ ಕೆಲಸ ಹೆಚ್ಚಾಗೋದಿಲ್ಲ, ಮಗಳ ಆಫೀಸು ನಿಲ್ಲೋದಿಲ್ಲ, ಇವರಿಗೆ ಅದರ ಬದಲಿಗೆ ಬೇರೆ ಎಂತದ್ದೋ ರುಚಿಯಾದ್ದು ಸಿಗೋದಿಲ್ಲ. ಎಲ್ಲರೂ ಸಮ ಬೆವರೋದು. ನನಗೆ ಅಲ್ಲೇ ಇಷ್ಟ ಆಯ್ತು.

— ಸಮ ಅಂತ ಹೇಗೆ ಹೇಳ್ತೀರಿ? ಅಜ್ಜಿಗೆ ಎ.ಸಿ. ಸೇರೋದೇ ಇಲ್ಲ ಅಂತ ನೀವೇ ಹೇಳಿದ್ರಿ ಒಮ್ಮೆ. ಬೇರೆಯವರ ಕಿಸೆಯಿಂದ ದಾನ ಮಾಡಿದ್ರಲ್ಲ ಅವರು!

— ಮಗಳು ಬಿಡ್ತಾಳಾ? ಅದನ್ನೇ ಹಿಡಿದ್ಳು. ‘ಅಜ್ಜಿ, ನಿಂಗೆ ಬಿಡ್ಲಿಕ್ಕೆ ಎಂತ ಉಂಟು?’ ಅಂತ. ಅತ್ತೆ ಒಂದು ನಿಮಿಷ ಯೋಚನೆ ಮಾಡಿ ಏಳು ಗಂಟೆಯ ಧಾರಾವಾಹಿ ಬಿಟ್ರು. ನಮ್ಮ ಯಾರ ಬೆವರಿಗಿಂತಲೂ ದೊಡ್ಡ ತ್ಯಾಗ ಅದು. ಕಥೆ ಎಲ್ಲಿಗೆ ಬಂತು ಅಂತ ಕೆಳಗಿನ ಮನೆಯವರ ಹತ್ರ ಕೇಳ್ತಿದ್ರು, ಅದು ಬೇರೆ ವಿಷಯ.

— ಆದ್ರೆ ಬಾಯಮ್ಮ, ಒಂದು ಮಾತು. ಎಂಬತ್ತು ದಾಟಿದವರು ಇರುವ ಮನೆ, ಮಾರ್ಚಿನ ಸೆಕೆ. ಇದರಲ್ಲಿ ಹಠ ಒಳ್ಳೇದಲ್ಲ. ಮಂಗಳೂರಿನ ಸೆಕೆ ಬರೀ ಬಿಸಿ ಅಲ್ಲ, ಗಾಳಿಯಲ್ಲಿ ನೀರು ತುಂಬಿಕೊಂಡಿರ್ತದೆ, ಮೈಯ ಬೆವರು ಆರೋದಿಲ್ಲ. ಬೆವರು ಆರದಿದ್ರೆ ಮೈ ತಂಪಾಗೋದಿಲ್ಲ. ವಯಸ್ಸಾದವರಿಗೆ ಅದು ಹೃದಯಕ್ಕೆ ಬರ್ತದೆ.

— ಅದಕ್ಕೆ ಮೊದಲೇ ಒಂದು ಶರ್ತ ಹಾಕಿದ್ದೆ. ಯಾರಿಗೆ ಮೈ ಹುಷಾರಿಲ್ಲವೋ ಅವರು ಹಾಕ್ಬಹುದು, ಯಾರೂ ಪ್ರಶ್ನೆ ಮಾಡ್ಲಿಕ್ಕಿಲ್ಲ. ಮಗಳಿಗೆ ಜ್ವರ ಬಂದ ರಾತ್ರಿ ಹಾಕಿದ್ವಿ. ಕಾಯಿಲೆಯವರಿಗೆ, ಬಸುರಿಯರಿಗೆ ವ್ರತ ಹೇರಬಾರದು ಅಂತ ಇಗರ್ಜಿಯೂ ಹೇಳ್ತದೆ.

— ಸರಿ. ಈಗ ಆ ಭಾನುವಾರದ ಮಷೀನಿನ ರಹಸ್ಯ ಹೇಳಿ.

— ಅದು ಮಗನ ವಕೀಲಿ! ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದ ತನಕ ಲೆಕ್ಕ ಹಾಕಿ ನೋಡಿ, ನಲವತ್ತಾರು ದಿನ ಆಗ್ತದೆ. ನಲವತ್ತು ಹೇಗೆ? ನಡುವಿನ ಆರು ಭಾನುವಾರ ಲೆಕ್ಕಕ್ಕಿಲ್ಲ. ಭಾನುವಾರ ಯೇಸು ಎದ್ದು ಬಂದ ದಿನ, ಆ ದಿನ ಉಪವಾಸ ಇಲ್ಲ. ಹಾಗಾದ್ರೆ ಭಾನುವಾರ ಎ.ಸಿ. ಹಾಕ್ಬಹುದು ಅಂತ ಅವನ ವಾದ. ಅಷ್ಟಕ್ಕೆ ನಿಲ್ಲಿಸ್ಲಿಲ್ಲ. ಶನಿವಾರ ಸಂಜೆಯ ಪೂಜೆಗೆ ಹೋದ್ರೆ ಅದು ಭಾನುವಾರದ ಪೂಜೆಗೆ ಜಮೆ ಆಗ್ತದಲ್ವಾ, ಹಾಗಾಗಿ ಭಾನುವಾರ ಶುರುವಾಗೋದೇ ಶನಿವಾರ ಸಂಜೆ. ಶನಿವಾರ ರಾತ್ರಿ, ಭಾನುವಾರ ರಾತ್ರಿ, ಎರಡು ದಿನ ಎ.ಸಿ. ಅಂತ.

— ಇಂಜಿನಿಯರಿಂಗ್ ಬಿಡಿಸಿ ಲಾ ಕಾಲೇಜಿಗೆ ಹಾಕಿ ಅವನನ್ನು.

— ಅದನ್ನೇ ಹೇಳಿದ್ದು ಇವರು. ಕೊನೆಗೆ ರಾಜಿ ಆಯ್ತು. ಭಾನುವಾರ ರಾತ್ರಿ ಮಾತ್ರ, ಒಂದೇ ರೂಮಿನದ್ದು, ಐದೂ ಜನ ಅದೇ ರೂಮಲ್ಲಿ. ಮಂಚದ ಮೇಲೆ ಅತ್ತೆ, ಮಗಳು. ಕೆಳಗೆ ಚಾಪೆ ಹಾಕಿ ನಾವು ಮೂವರು. ಮಂಚದ ಮೇಲೆ ಸುಮ್ಮನೆ ಮಲಗೋದಾಗಿದ್ರೆ ಒಳ್ಳೇದಿತ್ತು. ಅತ್ತೆ ಗೊರಕೆ ಹೊಡೀತಾರೆ, ಮಗಳು ಹನ್ನೆರಡರ ತನಕ ಫೋನು ನೋಡ್ತಾಳೆ, ಆ ಬೆಳಕಿಗೆ ಇವರಿಗೆ ನಿದ್ದೆ ಬರೋದಿಲ್ಲ. ಒಟ್ಟಾಗಿ ಮಲಗಿ ಮನೆಯವರೆಲ್ಲ ಹತ್ತಿರ ಆದ್ವಿ ಅಂತ ನಾನು ಹೇಳಿದ್ರೆ ಅದು ಸುಳ್ಳು. ಮೂರನೇ ಭಾನುವಾರಕ್ಕೆ ಮಗ ತನ್ನ ದಿಂಬು ತಗೊಂಡು ಹಾಲಿಗೆ ಹೋದ, ಫ್ಯಾನೇ ಸಾಕು ಅಂತ.

— ಬಾಕಿ ದಿನ ಹೇಗೆ ನಿಭಾಯಿಸಿದ್ರಿ?

— ಮೊದಲ ರಾತ್ರಿಯ ಕಥೆ ಕೇಳಿ. ಕಿಟಕಿ ತೆರೆಯುವ ಅಂತ ಹೋದ್ರೆ ಅದು ಬರೋದೇ ಇಲ್ಲ. ಅಲ್ಯೂಮಿನಿಯಮಿನ ಜಾರು ಕಿಟಕಿ, ಎ.ಸಿ. ಹಾಕಿಸಿದ ಮೇಲೆ ಅದನ್ನು ಮುಟ್ಟಿದವರಿಲ್ಲ. ಇವರು ಸ್ಕ್ರೂಡ್ರೈವರ್ ತಗೊಂಡು ಕೆಳಗಿನ ಕಾಲುವೆ ಕೆರೆದ್ರೆ ಬಂತು ನೋಡಿ, ಎಷ್ಟೋ ಮಳೆಗಾಲದ ಮಳೆಹುಳದ ರೆಕ್ಕೆ, ಪೆನ್ಸಿಲಿನ ತುಂಡು, ಮಗಳ ಸಣ್ಣ ಪ್ರಾಯದ ಒಂದು ಹೇರ್‌ಪಿನ್ನು, ಮಣ್ಣು, ಇರುವೆಗಳ ಗೂಡು. ತೆಂಗಿನೆಣ್ಣೆ ಬಿಟ್ಟು, ಇವರು ಒಂದು ಕಡೆ ಮಗ ಒಂದು ಕಡೆ ನೂಕಿದ ಮೇಲೆ ಒಂದು ಗೇಣು ಸರಿಯಿತು. ಸರಿದದ್ದೇ ಸೊಳ್ಳೆ ಬಂತು! ಜಾಳಿಗೆಯ ಮೂಲೆ ಹರಿದಿತ್ತು. ಮಲೇರಿಯಾಕ್ಕೆ ಹೆಸರುವಾಸಿ ಊರು ನಮ್ಮದು. ಆ ರಾತ್ರಿ ಹರಿದ ಜಾಗಕ್ಕೆ ಕುದ್ರೊಳಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲ ತುರುಕಿ ಮಲಗಿದ್ವಿ. ಮರುದಿನ ಅಳತೆ ತಗೊಂಡು ಹೊಸ ಜಾಳಿಗೆ ತಂದು ಅಂಟಿಸಿದ್ದು.

— ಗಾಳಿ ಬಂತಾ?

— ಬಾಗಿಲು ತೆರೆದಿಟ್ಟರೆ ಮಾತ್ರ. ಅದೊಂದು ದೊಡ್ಡ ಗಲಾಟೆ. ಎ.ಸಿ. ಇದ್ದಾಗ ಎಂಟು ಗಂಟೆ ಆಯ್ತಾ, ಮೂರು ರೂಮಿಗೆ ಮೂರು ಬಾಗಿಲು ಹಾಕಿಕೊಳ್ತಿತ್ತು, ಮತ್ತೆ ಯಾರು ಎಂತ ಮಾಡ್ತಾರೆ ಅಂತ ಯಾರಿಗೂ ಗೊತ್ತಿಲ್ಲ. ಈಗ ಬಾಗಿಲು ಹಾಕಿದ್ರೆ ಗಾಳಿ ಅಡ್ಡಹಾಯೋದಿಲ್ಲ, ತೆರೆದಿಟ್ರೆ ಮಗಳು ಯಾರೊಟ್ಟಿಗೆ ಮಾತಾಡ್ತಾಳೆ ಅಂತ ಇಡೀ ಮನೆಗೆ ಕೇಳ್ತದೆ. ಅವಳು ಸಿಟ್ಟು ಮಾಡ್ಕೊಂಡು ಸೆಕೆಯಲ್ಲೇ ಬಾಗಿಲು ಹಾಕಿ ಮಲಗಿದ್ದೂ ಉಂಟು. ಹೊರಗಿನ ಶಬ್ದ ಬೇರೆ. ಜಂಕ್ಷನ್ನಿಗೆ ಬರುವ ರೈಲಿನ ಹಾರ್ನ್ ಇಷ್ಟು ಹತ್ತಿರ ಅಂತ ನನಗೆ ಗೊತ್ತೇ ಇರ್ಲಿಲ್ಲ. ಒಂದು ರಾತ್ರಿ ಎಲ್ಲೋ ಮೈದಾನದಲ್ಲಿ ಯಕ್ಷಗಾನ ಆಟ, ಚೆಂಡೆ ಶಬ್ದ ಬೆಳಗಿನ ತನಕ. ಮತ್ತೆ ರಂಜಾನ್ ಕೂಡ ಅದೇ ಹೊತ್ತಿಗೆ ಬಂದಿತ್ತಲ್ವಾ, ಮಾರ್ಚ್ 2ಕ್ಕೆ ಶುರು. ಕೆಳಗಿನ ಬ್ಯಾರಿಗಳ ಮನೆಯಲ್ಲಿ ನಸುಕಿಗೇ ಸಹರಿ ಊಟಕ್ಕೆ ಪಾತ್ರೆ ಸದ್ದು. ಒಂದು ದಿನ ಆ ಮನೆಯಾಕೆ ಲಿಫ್ಟಿನಲ್ಲಿ ಸಿಕ್ಕಿದ್ಳು. ‘ಅಕ್ಕ, ನಿಮ್ಮ ಕಿಟಕಿ ತೆರೆದಿರ್ತದೆ ಈಗ, ನಮ್ಮ ಮಿಕ್ಸಿಯಿಂದ ನಿದ್ದೆ ಹಾಳಾಗ್ತದಾ?’ ಅಂತ ಕೇಳಿದ್ಳು. ನಾನು ಹೇಳಿದೆ, ನಿದ್ದೆ ಹೇಗೂ ಇಲ್ಲ ಮಾರಾಯ್ತಿ, ನೀನು ಎದ್ದಿದ್ದೀ ಅಂತ ಗೊತ್ತಾದ್ರೆ ನನಗೊಂದು ಧೈರ್ಯ. ತಿಂಗಳಿಡೀ ಎಲ್ಲರಿಗಿಂತ ಮೊದಲು ಎದ್ದು ಬೇಯಿಸೋದು ಅಲ್ಲಿಯೂ ಅವಳೇ. ಅವಳ ಗಂಡ ನಾಲ್ಕೂವರೆಗೆ ಎದ್ದು ಉಣ್ಣೋದು.

— ನೀವು ಎಲ್ಲಾ ಧರ್ಮದ ಗಂಡಸರನ್ನೂ ಒಟ್ಟಿಗೇ ನಿಲ್ಲಿಸಿ ಹೊಡೀತೀರಿ.

— ಸರ್ವಧರ್ಮ ಸಮಭಾವ ಮಾಷ್ಟ್ರೇ.

— ಈಗ ನಾನೊಂದು ಹೇಳ್ಬೇಕು. ಹೇಳ್ಬಾರದು ಅಂತ ಇದ್ದೆ, ನೀವೇ ವಿಷಯ ತೆಗೆದ್ರಿ. ಆ ಭಾನುವಾರ ರಾತ್ರಿಗಳಲ್ಲಿ ನಾನು ಎಲ್ಲಿ ಮಲಗ್ತಿದ್ದೆ ಗೊತ್ತುಂಟಾ? ನಮ್ಮ ಹಾಲಿನಲ್ಲಿ.

— ಯಾಕೆ?

— ನಿಮ್ಮ ಆ ರೂಮಿನ ಹೊರಗಿನ ಡಬ್ಬಿ, ಫ್ಯಾನು ತಿರುಗುವ ಪೆಟ್ಟಿಗೆ, ನಮ್ಮ ಬೆಡ್‌ರೂಮಿನ ಕಿಟಕಿಯಿಂದ ಮೂರಡಿಯೂ ಇಲ್ಲ. ಸಜ್ಜದ ಮೇಲೆ ಎ.ಸಿ. ಹಾಕಿದವರಿಗೆ ಅದೊಂದೇ ಜಾಗ ಸಿಕ್ಕಿದ್ದು. ಬಿಸಿಗಾಳಿ ನೇರ ಒಳಗೆ. ನಮ್ಮಲ್ಲಿ ಎ.ಸಿ. ಇಲ್ಲ, ಕಿಟಕಿ ಹಾಕಿದ್ರೆ ಉಸಿರು ಕಟ್ಟುತ್ತದೆ, ತೆರೆದ್ರೆ ಬೇಯ್ತದೆ.

— ಅಯ್ಯೋ ದೇವರೇ. ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ಲ ನೀವು!

— ಹೇಳಿ ಎಂತ ಮಾಡೋದು? ಪಕ್ಕದ ಮನೆ, ಒಂದು ಡಬ್ಬಿಗೆ ಮನಸ್ತಾಪ ಯಾಕೆ ಅಂತ. ಈ ಸಲ ಮಾರ್ಚಿನಲ್ಲಿ ನಮ್ಮ ಮನೆಯವಳು ಹೇಳಿದ್ಳು, ‘ಈ ವರ್ಷ ಸೆಕೆ ಸ್ವಲ್ಪ ಕಮ್ಮಿ ಅನಿಸ್ತದೆ ಅಲ್ವಾ?’ ಅಂತ. ಪೇಪರಿನಲ್ಲಿ ಬಿಸಿಗಾಳಿ ಎಚ್ಚರಿಕೆ, ಇವಳಿಗೆ ಸೆಕೆ ಕಮ್ಮಿ! ಆಗ ನಾನು ಎದ್ದು ಕಿಟಕಿ ಹತ್ರ ಹೋಗಿ ನೋಡಿದ್ದು, ಡಬ್ಬಿ ನಿಂತಿತ್ತು.

— ಬಿಸಿ ಗಾಳಿ ಬರ್ತದೆ ಅಂತ ಗೊತ್ತಿತ್ತು ನನಗೆ. ಆದ್ರೆ ಅಷ್ಟೊಂದಾ?

— ಎ.ಸಿ. ತಂಪನ್ನು ಹುಟ್ಟಿಸೋದಿಲ್ಲ ಬಾಯಮ್ಮ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ನಾನು ಬಡಿದು ಬಡಿದು ಹೇಳ್ತಿದ್ದೆ, ಅದು ಸಾಗಾಟದ ಕೆಲಸ ಮಾತ್ರ. ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕೋದು. ಒಂದು ಟನ್ ಅಂತ ಹೇಳ್ತಾರಲ್ಲ, ಅದು ಮಷೀನಿನ ತೂಕ ಅಲ್ಲ. ಹಿಂದೆ ಮಂಜುಗಡ್ಡೆಯಿಂದ ತಂಪು ಮಾಡ್ತಿದ್ದ ಕಾಲದ ಲೆಕ್ಕ, ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗ್ಲಿಕ್ಕೆ ಎಷ್ಟು ಶಾಖ ಬೇಕೋ ಅಷ್ಟು. ಈಗಿನ ಲೆಕ್ಕದಲ್ಲಿ ಮೂರೂವರೆ ಕಿಲೋವ್ಯಾಟ್. ನಿಮ್ಮದು ಒಂದೂವರೆ ಟನ್ನಿನದ್ದು. ಅಂದ್ರೆ ಜೋರಾಗಿ ಓಡುವಾಗ ಐದು ಕಿಲೋವ್ಯಾಟಿಗಿಂತ ಹೆಚ್ಚು ಶಾಖ ಒಳಗಿಂದ ಹೊರಗೆ. ಮಷೀನು ತಿಂದ ಕರೆಂಟೂ ಕೊನೆಗೆ ಶಾಖವೇ ಆಗೋದು, ಅದನ್ನೂ ಸೇರಿಸಿ. ಆರು ಇಸ್ತ್ರಿಪೆಟ್ಟಿಗೆ ನನ್ನ ಕಿಟಕಿಯಲ್ಲಿ ಬಿಸಿ ಮಾಡಿ ಇಟ್ಟ ಹಾಗೆ.

— ನೀವು ಹೀಗೆ ಹೇಳಿದ್ರೆ ನನಗೆ ಇವತ್ತು ರಾತ್ರಿ ನಿದ್ದೆ ಬರ್ಲಿಕ್ಕಿಲ್ಲ.

— ನಾನು ಬೇಜಾರು ಮಾಡಿಸ್ಲಿಕ್ಕೆ ಹೇಳಿದ್ದಲ್ಲ. ವ್ರತ ನಿಮ್ಮದು, ಪುಣ್ಯ ನಮಗೆ ಬಂತು, ಅಷ್ಟೇ. ಇಂಥ ವ್ರತ ನಾನು ಮೊದಲು ನೋಡಿರ್ಲಿಲ್ಲ. ನಮ್ಮ ಶಾಕವ್ರತದಿಂದ ಪಕ್ಕದ ಮನೆಯವರಿಗೆ ಬಂದ ಲಾಭ ಅಂದ್ರೆ ಒಗ್ಗರಣೆಯ ವಾಸನೆ ಮಾತ್ರ.

— ಪೋಪ್ ಫ್ರಾನ್ಸಿಸರು ಇದನ್ನೇ ಬರೆದದ್ದು ಅಂತ ಮಗಳು ತೋರಿಸಿದ್ಳು. 2015ರ ‘ಲೌದಾತೊ ಸಿ’ ಅಂತ ವಿಶ್ವಪತ್ರ ಉಂಟಲ್ವಾ, ಭೂಮಿಯ ಬಗ್ಗೆ ಬರೆದದ್ದು. ಅದರಲ್ಲಿ ಮನುಷ್ಯರ ಹಾನಿಕಾರಕ ಅಭ್ಯಾಸಗಳಿಗೆ ಉದಾಹರಣೆ ಕೊಡುವಾಗ ಅವರು ಹಿಡಿದದ್ದು ಯುದ್ಧವನ್ನಲ್ಲ, ಫ್ಯಾಕ್ಟರಿಯನ್ನಲ್ಲ, ಎ.ಸಿ.ಯನ್ನು. ಅದರ ಬಳಕೆ, ಅದರ ಶಕ್ತಿ ಎರಡೂ ಏರ್ತಾ ಉಂಟು, ಮಾರುವವರು ಬೇಡಿಕೆಯನ್ನು ಇನ್ನೂ ಎಬ್ಬಿಸ್ತಾರೆ, ಹೊರಗಿನಿಂದ ಯಾರಾದ್ರೂ ನಮ್ಮನ್ನು ನೋಡಿದ್ರೆ ಇವರಿಗೆ ತಲೆ ಕೆಟ್ಟಿದೆಯಾ ಅಂತ ಬೆರಗಾಗ್ಬೇಕು ಅನ್ನುವ ಅರ್ಥದಲ್ಲಿ. ಮಗಳು ಅದನ್ನು ತೋರಿಸಿದ್ದು ತಪಸ್ಸು ಕಾಲ ಅರ್ಧ ಮುಗಿದ ಮೇಲೆ. ಮೊದಲೇ ತೋರಿಸಿದ್ರೆ ಅತ್ತೆ ಇನ್ನೂ ಜಂಬ ಮಾಡ್ತಿದ್ರು.

— ಹೊರಗಿನಿಂದ ನೋಡುವವರು ಬೇಕಾಗಿಲ್ಲ, ಪಕ್ಕದ ಕಿಟಕಿಯಿಂದ ನೋಡಿದ್ರೂ ಸಾಕು. ಆದ್ರೆ ಒಂದು, ಎ.ಸಿ.ಯನ್ನು ಪೂರ್ತಿ ಪಾಪ ಅಂತ ನಾನು ಹೇಳೋದಿಲ್ಲ. ಆಸ್ಪತ್ರೆಗೆ ಬೇಕು, ಇನ್ನು ಮುಂದೆ ವಯಸ್ಸಾದವರಿಗೆ ಮನೆಯಲ್ಲೂ ಬೇಕಾಗಬಹುದು. ರೋಮಿನಲ್ಲಿ ಕೂತವರಿಗೆ ಮಂಗಳೂರಿನ ಮೇ ತಿಂಗಳು ಗೊತ್ತಿಲ್ಲ.

— ಅವರು ಅರ್ಜೆಂಟೀನಾದವರು ಮಾಷ್ಟ್ರೇ, ಸೆಕೆ ಗೊತ್ತುಂಟು. ಈಗ ಆ ಮಾತು ಬೇಡ. ಈಸ್ಟರ್ ರಾತ್ರಿ ಊಟ ಎಲ್ಲ ಮುಗಿಸಿ ನಾವು ಮೂರೂ ಎ.ಸಿ. ಹಾಕಿದ್ವಿ, ಖುಷಿಯಲ್ಲಿ. ಮರುದಿನ ಸೋಮವಾರ ಮಧ್ಯಾಹ್ನ ಟಿ.ವಿ.ಯಲ್ಲಿ ಬಂತು, ಪೋಪ್ ಫ್ರಾನ್ಸಿಸರು ತೀರಿಕೊಂಡ್ರು ಅಂತ. ಅತ್ತೆ ಎಂತದೂ ಹೇಳ್ಲಿಲ್ಲ. ರಿಮೋಟ್ ತಗೊಂಡು ತಮ್ಮ ದಿಂಬಿನ ಅಡಿಗೆ ಇಟ್ಟುಕೊಂಡ್ರು.

— ಎ.ಸಿ. ರಿಮೋಟಾ?

— ಮೂರೂ. ಮಗ ಕೇಳ್ಲಿಕ್ಕೆ ಹೋಗ್ಲಿಲ್ಲ. ಎರಡು ದಿನ ಆದ ಮೇಲೆ ನಾನೇ ಇಸಕೊಂಡು ಬಂದೆ. ಈಗ ರಾತ್ರಿ ಒಂದೇ ರೂಮು, ಬೇಕಾದವರು ಅಲ್ಲಿ ಬಂದು ಮಲಗಬಹುದು. 26ಕ್ಕೆ ಇಟ್ಟು ಎರಡು ಗಂಟೆಗೆ ನಿಲ್ಲುವ ಹಾಗೆ ಟೈಮರ್. ಮೊದಲೆಲ್ಲ 20ಕ್ಕೆ ಇಟ್ಟು ಕಂಬಳಿ ಹೊದೀತಿದ್ವಿ.

— 2020ರಿಂದ ಹೊಸ ಮಷೀನುಗಳು ಆನ್ ಮಾಡಿದ ಕೂಡಲೇ 24ರಲ್ಲೇ ಶುರುವಾಗ್ಬೇಕು ಅಂತ ಸರಕಾರದ ನಿಯಮ. ಜನ ಕೂಡಲೇ ರಿಮೋಟ್ ಒತ್ತಿ 18 ಮಾಡ್ತಾರೆ. ಕಂಬಳಿ ಹೊದಿಯೋದು ಎ.ಸಿ. ಇಟ್ಟವರ ಹಕ್ಕು ಅಂತ ತಿಳ್ಕೊಂಡಿದ್ದಾರೆ.

— ಆದ್ರೆ ಆ ಒಂದು ರೂಮಿನ ಡಬ್ಬಿಯೇ ನಿಮ್ಮ ಕಿಟಕಿಯಲ್ಲಿರೋದು! ನಾಳೆಯೇ ಎ.ಸಿ.ಯವನಿಗೆ ಫೋನ್ ಮಾಡ್ತೇನೆ. ಪೈಪು ಉದ್ದ ಮಾಡಿ ಅದನ್ನು ನಮ್ಮ ಬಾಲ್ಕನಿಗೆ ತರಿಸ್ತೇನೆ.

— ಅಷ್ಟು ಖರ್ಚು ಬೇಡ. ರೂಮು ಬದಲಿಸಿ ಸಾಕು. ಮಗನ ರೂಮಿನ ಡಬ್ಬಿ ರಸ್ತೆ ಕಡೆಗುಂಟು. ಬಿಸಿಗಾಳಿ ರಸ್ತೆಗೆ ಹೋಗ್ಲಿ, ರಸ್ತೆಯಲ್ಲಿ ರಾತ್ರಿ ಯಾರಿಲ್ಲ.

— ವಾಚ್‌ಮ್ಯಾನ್ ಇದ್ದಾನಲ್ಲ ಕೆಳಗೆ.

— ಅವನಿಗೆ ಮೂರು ಮಹಡಿ ಮೇಲಿನ ಬಿಸಿ ತಟ್ಟೋದಿಲ್ಲ. ಅವನಿಗೆ ತಟ್ಟೋದು ಆ ತಗಡಿನ ಮಾಡು. ಹಗಲಿಡೀ ಕಾದದ್ದು ರಾತ್ರಿ ಹತ್ತರ ತನಕ ಬಿಡೋದಿಲ್ಲ. ಫ್ಯಾನೂ ಇಲ್ಲ ಪಾಪ. ಬಾಗಲಕೋಟೆ ಕಡೆಯವ, ಒಣ ಸೆಕೆ ಅಭ್ಯಾಸ, ಈ ಬೆವರು ಅಭ್ಯಾಸ ಇಲ್ಲ.

— ಅಲ್ಲಿಗೇ ಬರ್ತಿದ್ದೆ ನಾನು. ಉಳಿಸಿದ ದುಡ್ಡನ್ನು ಕೊಟ್ಟುಬಿಡ್ಬೇಕು ಅಂತ ನಮ್ಮ ಕ್ರಮ. ಬಿಟ್ಟದ್ದರಿಂದ ಉಳಿದದ್ದು ನಮ್ಮದೇ ಬ್ಯಾಂಕ್ ಖಾತೆಗೆ ಹೋದ್ರೆ ಅದು ತಪಸ್ಸಲ್ಲ, ಉಳಿತಾಯ ಯೋಜನೆ. ಮೆಸ್ಕಾಂ ಬಿಲ್ಲು ಅರ್ಧಕ್ಕಿಂತ ಕೆಳಗೆ ಬಂದಿತ್ತು. ತಪಸ್ಸು ಕಾಲದಲ್ಲಿ ಹಸಿವು, ಕಾಯಿಲೆಗಳ ವಿರುದ್ಧ ಅಂತ ಕಾರಿತಾಸ್ ಇಂಡಿಯಾದವರ ಅಭಿಯಾನ ಇರ್ತದೆ, ಅರ್ಧ ಅದಕ್ಕೆ ಕೊಟ್ವಿ. ಉಳಿದ ಅರ್ಧಕ್ಕೆ ಮಗ ಹೇಳಿದ, ವಾಚ್‌ಮ್ಯಾನಿಗೆ ಗೋಡೆಗೆ ಹಾಕುವ ಒಂದು ಫ್ಯಾನು ತರುವ ಅಂತ. ತಂದು ಇಟ್ಟಿದ್ದೇವೆ, ಡಬ್ಬಿ ಇನ್ನೂ ಒಡೆದಿಲ್ಲ.

— ಯಾಕೆ?

— ಸೆಕ್ರೆಟ್ರಿ ಬಿಡೋದಿಲ್ಲ. ಫ್ಯಾನು ನೀವು ಕೊಡ್ತೀರಿ, ಕರೆಂಟು ಯಾರು ಕೊಡೋದು ಅಂತ. ಕಾಮನ್ ಮೀಟರಿಗೆ ಹೊಸ ಪಾಯಿಂಟ್ ಹಾಕ್ಬೇಕಾದ್ರೆ ಮೀಟಿಂಗಲ್ಲಿ ಪಾಸಾಗ್ಬೇಕಂತೆ. ಇವತ್ತು ಅವನಿಗೆ ಫ್ಯಾನು, ನಾಳೆ ಟಿ.ವಿ. ಕೇಳ್ತಾನೆ ಅಂತ ಬೇರೆ ಒಬ್ಬರು. ಅವರ ಮನೆಯಲ್ಲಿ ನಾಲ್ಕು ಎ.ಸಿ. ಉಂಟು.

— ಕರೆಂಟಿನ ಲೆಕ್ಕ ನಾನು ಹೇಳ್ತೇನೆ ತಾಳಿ. ಗೋಡೆ ಫ್ಯಾನು, ಐವತ್ತು ವ್ಯಾಟ್ ಅಂತ ಇಟ್ಟುಕೊಳ್ಳಿ. ರಾತ್ರಿ ಹಗಲು ನಿಲ್ಲಿಸದೆ ಓಡ್ಲಿ, ದಿನಕ್ಕೆ 1.2 ಯೂನಿಟ್. ತಿಂಗಳಿಗೆ 36. ನಮ್ಮದು ಇಪ್ಪತ್ತನಾಲ್ಕು ಮನೆ. ಮನೆಗೆ ಒಂದೂವರೆ ಯೂನಿಟ್. ಹಳೆಯ ಒಂದೂವರೆ ಟನ್ ಎ.ಸಿ. ಜೋರಾಗಿ ಓಡುವಾಗ ಒಂದು ಗಂಟೆಗೆ ಹೆಚ್ಚು ಕಮ್ಮಿ ಅಷ್ಟೇ ತಿಂತದೆ. ಅಂದ್ರೆ ಆ ನಾಲ್ಕು ಎ.ಸಿ.ಯವರು ಒಂದು ಎ.ಸಿ.ಯನ್ನು ತಿಂಗಳಲ್ಲಿ ಒಂದು ಗಂಟೆ ಬಂದ್ ಮಾಡಿದ್ರೆ ಅವರ ಪಾಲು ಮುಗೀತು. ನನಗಂತೂ ಗೃಹಜ್ಯೋತಿ, ಬಿಲ್ಲೇ ಸೊನ್ನೆ, ನಾನು ಎರಡು ಪಾಲು ಕೊಡ್ತೇನೆ.

— ಇದನ್ನು ಮೀಟಿಂಗಲ್ಲಿ ಹೇಳ್ತೀರಾ? ನಾನು ಹೇಳಿದ್ರೆ ಬಾಯಮ್ಮ ಮತ ಪ್ರಚಾರ ಮಾಡ್ತಾಳೆ ಅಂತ ತಿಳ್ಕೊಳ್ತಾರೆ.

— ನಾನು ಹೇಳಿದ್ರೆ ಮಾಷ್ಟ್ರು ಪಾಠ ಶುರು ಮಾಡಿದ್ರು ಅಂತ ಎದ್ದು ಹೋಗ್ತಾರೆ. ಇಬ್ಬರೂ ಹೇಳುವ. ನಿಮ್ಮ ಕೆಳಗಿನ ಮನೆಯಾಕೆಯನ್ನೂ ಕರ್ಕೊಂಡು ಬನ್ನಿ, ಅವಳ ಮಾತಿಗೆ ಸೆಕ್ರೆಟ್ರಿ ಸ್ವಲ್ಪ ಹೆದರ್ತಾನೆ.

— ಕರೀತೇನೆ. ಮತ್ತೆ ನಿಮ್ಮ ಚಾತುರ್ಮಾಸ್ಯ ಯಾವಾಗ?

— ಜುಲೈ 6ಕ್ಕೆ ಶಯನೀ ಏಕಾದಶಿ. ಯಾಕೆ?

— ಈ ಸಲ ಶಾಕವ್ರತದ ತೊವ್ವೆ ನೀವೇ ಮಾಡಿ. ಒಂದು ತಿಂಗಳು.

— ನಾನಾ? ಒಲೆ ಹಚ್ಚಿದ್ರೆ ನಮ್ಮ ಮನೆಯವಳು ಅಡುಗೆಮನೆಯಿಂದ ಓಡಿಸ್ತಾಳೆ. ಹೆಸರುಬೇಳೆ ಎಲ್ಲಿಟ್ಟಿದ್ದಾಳೆ ಅಂತಲೂ ನನಗೆ ಗೊತ್ತಿಲ್ಲ.

— ಜುಲೈಗೆ ಇನ್ನೂ ಸಮಯ ಉಂಟು, ಹುಡುಕ್ಲಿಕ್ಕೆ ಸಾಕು. ಮೀಟಿಂಗ್ ಈ ಭಾನುವಾರ ಹತ್ತು ಗಂಟೆಗಲ್ವಾ? ನಾನು ಬೆಳಗ್ಗಿನ ಮೊದಲ ಪೂಜೆಗೆ ಹೋಗಿ ಬರ್ತೇನೆ. ನೀವು ಆ ಲೆಕ್ಕವನ್ನು ಕಾಗದದಲ್ಲಿ ಬರೆದು ತನ್ನಿ ಮಾಷ್ಟ್ರೇ, ಬಾಯಲ್ಲಿ ಹೇಳಿದ್ರೆ ಸೆಕ್ರೆಟ್ರಿ ಒಪ್ಪೋದಿಲ್ಲ.

— ಎರಡು ಪ್ರತಿ ಮಾಡ್ತೇನೆ. ಒಂದು ಅವನಿಗೆ, ಒಂದು ಆ ನಾಲ್ಕು ಎ.ಸಿ.ಯವರಿಗೆ.